ನಾಯಿಯ ಪ್ರೀತಿ ಎಲ್ಲರಿಗೆ, ಅದರ ಗಲೀಜು ಯಾರಿಗೆ?

*ಇಂದಿನ ಧಮ್ಮ ಚಿಂತನೆ*





ಇವತ್ತಿನ ಚಿಂತನೆಯ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ಕೆಲಸ ಮಾಡುವ ಜಾಗದಲ್ಲಿ ಒಂದು ನಾಯಿ ಇದ್ದರೆ ಅಲ್ಲಿಯ ಮನುಷ್ಯರ ನಡುವೆ ಪ್ರೀತಿ ಹೆಚ್ಚುತ್ತದೆಯೇ? ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುವ ನಮ್ಮ ಹುಡುಗರು ಭಾನುವಾರದ ಅಧ್ಯಯನ ಕೂಟಕ್ಕೆ ಬಂದಾಗ ಈ ಪ್ರಶ್ನೆ ಎತ್ತಿದರು. ಈಗ ಕೆಲವು ಆಫೀಸುಗಳಲ್ಲಿ ನಾಯಿ ಸಾಕುತ್ತಾರೆ. 2025ರಲ್ಲಿ ಹೈದರಾಬಾದಿನ ಒಂದು ಸಣ್ಣ ಕಂಪನಿ ತನ್ನ ನಾಯಿಗೆ ‘ಮುಖ್ಯ ಸಂತೋಷಾಧಿಕಾರಿ’ ಎಂಬ ಹುದ್ದೆಯನ್ನೇ ಕೊಟ್ಟು ಸುದ್ದಿಯಾಯಿತು. ಮುಂಬೈಯಲ್ಲಿ ಟಾಟಾ ಸಂಸ್ಥೆಯ ಕೇಂದ್ರ ಕಚೇರಿ ಬಾಂಬೆ ಹೌಸ್ 2018ರಲ್ಲಿ ನವೀಕರಣಗೊಂಡಾಗ ಬೀದಿನಾಯಿಗಳಿಗೆಂದೇ ಒಳಗೆ ಒಂದು ಕೋಣೆ ಮಾಡಿದರು. “ಇದು ನಾವು ಓದುವ ಮೈತ್ರಿಯೇ, ಇಲ್ಲ ದುಡ್ಡಿದ್ದವರ ಶೋಕಿಯೇ?” ಎಂಬುದು ಹುಡುಗರ ಪ್ರಶ್ನೆ. ನಾನು ಹಳ್ಳಿ ಶಾಲೆಯ ಕನ್ನಡ ಮೇಷ್ಟ್ರು. ನಮ್ಮ ಶಾಲೆಯಲ್ಲೂ ಒಂದು ನಾಯಿ ಇತ್ತು. ಆದ್ದರಿಂದ ಈ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ.

ಮೊದಲು ಪರೀಕ್ಷೆ ಮಾಡಿದವರು ಏನು ಹೇಳಿದ್ದಾರೆ ನೋಡೋಣ. ಬಂದು ನೋಡಿ, ಪರೀಕ್ಷಿಸಿ ಒಪ್ಪು ಎನ್ನುವುದೇ ನಮ್ಮ ಮಾರ್ಗ. ಅಮೆರಿಕದ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದವರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲಸಗಾರರು ತಮ್ಮ ನಾಯಿಗಳನ್ನು ಕರೆತರಲು ಅವಕಾಶವಿದ್ದ ಒಂದು ಕಂಪನಿಯಲ್ಲಿ ಒಂದು ವಾರ ನಡೆದ ಅಧ್ಯಯನ ಅದು. ನಾಯಿ ಜೊತೆಗಿದ್ದವರು ಸಂಜೆಯ ಹೊತ್ತಿಗೆ ತಮ್ಮ ಒತ್ತಡ ಕಡಿಮೆಯಾಗಿದೆ ಎಂದರು. ನಾಯಿ ಇಲ್ಲದವರ ಒತ್ತಡ ಏರಿತ್ತು. 2019ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 249 ವಿದ್ಯಾರ್ಥಿಗಳ ಮೇಲೆ ಪರೀಕ್ಷೆ ನಡೆಯಿತು. ಹತ್ತು ನಿಮಿಷ ನಾಯಿ ಬೆಕ್ಕುಗಳ ಮೈದಡವಿದವರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿದಿತ್ತು. ಜಪಾನಿನ ಸಂಶೋಧಕರು 2015ರಲ್ಲಿ ಇನ್ನೊಂದು ಸಂಗತಿ ಕಂಡರು. ನಾಯಿಯೂ ಅದನ್ನು ಸಾಕಿದವರೂ ಒಬ್ಬರನ್ನೊಬ್ಬರು ದಿಟ್ಟಿಸಿ ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಹೆಚ್ಚುತ್ತದೆ. ತಾಯಿ ಮಗುವಿನ ನಂಟಿನಲ್ಲಿ ಕೆಲಸ ಮಾಡುವ ಹಾರ್ಮೋನು ಅದು.

ಅಂದಮೇಲೆ ಇದು ಬರೀ ಶೋಕಿಯಲ್ಲ. ನಾಯಿ ಹತ್ತಿರ ಬಂದರೆ ಮನಸ್ಸು ಹಗುರಾಗುವುದು ನಿಜ. ಆದರೆ ಹತ್ತು ನಿಮಿಷದ ಹಗುರ ಒಂದು, ಜೊತೆ ಕೆಲಸಗಾರರ ನಡುವಿನ ನ್ಯಾಯ ಇನ್ನೊಂದು. ಮೊದಲನೆಯದು ಸಿಕ್ಕಿತೆಂದು ಎರಡನೆಯದೂ ಬಂತು ಎಂದುಕೊಳ್ಳಲಾಗದು.

ನಮ್ಮ ಜನಕ್ಕೆ ನಾಯಿಯ ಮಾತು ಬಂದರೆ ಮನಸ್ಸಿಗೆ ಬರುವುದೇ ಬೇರೆ. ಮಹಾಡ್‌ನ ಚೌದಾರ್ ಕೆರೆಯಲ್ಲಿ ದನ ನಾಯಿಗಳು ನೀರು ಕುಡಿಯಬಹುದಿತ್ತು, ನಮ್ಮವರು ಕುಡಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರನ್ನು ಮುಟ್ಟಿ ಕುಡಿದರು. 1931ರ ಆಗಸ್ಟ್‌ನಲ್ಲಿ ಮುಂಬೈಯ ಮಣಿಭವನದಲ್ಲಿ ಗಾಂಧೀಜಿಯವರನ್ನು ಭೇಟಿಯಾದಾಗ, ನಾಯಿ ಬೆಕ್ಕಿಗಿಂತ ಕೀಳಾಗಿ ನಮ್ಮನ್ನು ಕಾಣುವ ಈ ನಾಡನ್ನು ನನ್ನ ನಾಡು ಎನ್ನುವುದು ಹೇಗೆ ಎಂದು ಮುಖಕ್ಕೇ ಕೇಳಿದರು. ಕನ್ನಡದಲ್ಲಿ ‘ನಾಯಿಪಾಡು’ ಎಂಬ ಮಾತಿದೆ. ಆ ಪಾಡು ನಮ್ಮ ಅಜ್ಜ ಅಜ್ಜಿಯರಿಗೆ ಗಾದೆಯ ಮಾತಾಗಿರಲಿಲ್ಲ, ದಿನದ ಬದುಕಾಗಿತ್ತು. ಆದ್ದರಿಂದ ಆಫೀಸಿನಲ್ಲಿ ನಾಯಿಗೆ ತಣ್ಣನೆ ಕೋಣೆ ಇದೆ ಎಂದು ಓದಿದಾಗ, ಅದೇ ಕಟ್ಟಡದ ಕಸ ಗುಡಿಸುವ ಅಕ್ಕನಿಗೆ ಕೂತು ಊಟ ಮಾಡಲು ಜಾಗ ಇದೆಯೇ ಎಂಬ ಪ್ರಶ್ನೆ ನಮ್ಮಲ್ಲಿ ತಾನಾಗಿ ಹುಟ್ಟುತ್ತದೆ. ಆ ಪ್ರಶ್ನೆ ಸರಿಯಾದುದೇ. ಅದಕ್ಕೆ ನಾಚಬೇಕಾಗಿಲ್ಲ.

ಆದರೆ ಅದೇ ಬಾಬಾಸಾಹೇಬರ ಇನ್ನೊಂದು ಚಿತ್ರವನ್ನೂ ನೆನೆಯಿರಿ. 1934ರ ಫೆಬ್ರವರಿಯಲ್ಲಿ ಮುಂಬೈಯ ರಾಜಗೃಹದಲ್ಲಿ ತೆಗೆದ ಕುಟುಂಬದ ಫೋಟೋ. ಮಗ ಯಶವಂತ, ಬಾಬಾಸಾಹೇಬರು, ಮಾತೆ ರಮಾಬಾಯಿ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದರಾವ್ ಇದ್ದಾರೆ. ಅವರ ಜೊತೆಯಲ್ಲಿ ಬಾಬಾಸಾಹೇಬರ ಮೆಚ್ಚಿನ ನಾಯಿ ಟಾಬಿಯೂ ಇದೆ. ನಾಯಿಗಿಂತ ಕೀಳಾಗಿ ಕಂಡಿರಿ ಎಂದು 1931ರಲ್ಲಿ ಗುಡುಗಿದವರು 1934ರಲ್ಲಿ ನಾಯಿಯನ್ನು ಮನೆಯವರ ಜೊತೆ ಕೂರಿಸಿಕೊಂಡಿದ್ದಾರೆ. ಇದರಲ್ಲಿ ವಿರೋಧವೇನೂ ಇಲ್ಲ. ಕೆರೆಯಲ್ಲಿ ನಾಯಿ ನೀರು ಕುಡಿದದ್ದು ತಪ್ಪಾಗಿರಲಿಲ್ಲ, ಮನುಷ್ಯನನ್ನು ತಡೆದದ್ದು ತಪ್ಪು. ನಾಯಿಯ ಪಾಲಿನ ನೀರು ಕಿತ್ತುಕೊಂಡು ನಮಗೆ ಸಮಾನತೆ ಬರಬೇಕಾಗಿಲ್ಲ.

‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬಾಬಾಸಾಹೇಬರು ಕರುಣೆಗೂ ಮೈತ್ರಿಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳುತ್ತಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಭಗವಾನರು ಅಲ್ಲಿಗೇ ನಿಲ್ಲಲಿಲ್ಲ, ಎಲ್ಲ ಜೀವಿಗಳಿಗೂ ಹರಡುವ ಮೈತ್ರಿಯನ್ನು ಕಲಿಸಿದರು. ಇದನ್ನು ಓದಿದವರು ನಾಯಿಯ ವಿಷಯವನ್ನು ಕ್ಷುಲ್ಲಕ ಎನ್ನುವಂತಿಲ್ಲ. ಹಾಗೆಯೇ ಮೈತ್ರಿ ಕರುಣೆಯನ್ನು ದಾಟಿ ಮುಂದೆ ಹೋಗುವಂಥದ್ದು, ಕರುಣೆಯನ್ನು ಬಿಟ್ಟು ಹೋಗುವಂಥದ್ದಲ್ಲ. ಮನುಷ್ಯರನ್ನು ಬಿಟ್ಟು ನೇರವಾಗಿ ನಾಯಿಗೆ ಜಿಗಿದವರು ಅಡ್ಡದಾರಿ ಹಿಡಿದಿದ್ದಾರೆ ಎಂದೇ ಅರ್ಥ.

ಈಗ ನಮ್ಮ ಶಾಲೆಯ ನಾಯಿಯ ವಿಷಯ. 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದ್ದಾಗ ಕಪ್ಪು ಬಣ್ಣದ ಒಂದು ಗಂಡು ಮರಿ ಬಂದು ಜಗುಲಿಯಲ್ಲಿ ನೆಲೆಸಿತು. ಶಾಲೆ ಮತ್ತೆ ತೆರೆದಾಗ ಅದು ದೊಡ್ಡ ನಾಯಿಯಾಗಿ ನಮ್ಮನ್ನೇ ಹೊಸಬರು ಎನ್ನುವಂತೆ ನೋಡುತ್ತಿತ್ತು. ಬೆಳಗ್ಗೆ ಗೇಟಿನಲ್ಲಿ ಬಾಲ ಅಲ್ಲಾಡಿಸುವುದು, ಪ್ರಾರ್ಥನೆಯ ಸಾಲಿನ ಪಕ್ಕ ಮಲಗುವುದು, ಬಿಸಿಯೂಟದ ತಟ್ಟೆಯ ಸದ್ದಿಗೆ ಎದ್ದು ಕೂರುವುದು ಅದರ ದಿನಚರಿ. ಹೊಗೆಸೊಪ್ಪಿನ ಕಾಲದಲ್ಲಿ ಬ್ಯಾರನ್ ಕೆಲಸ ಮಾಡಿ ನಿದ್ದೆಗೆಟ್ಟು ಬರುವ ಮಕ್ಕಳು ಅದರ ಬೆನ್ನು ಸವರಿ ಸ್ವಲ್ಪ ನಗುತ್ತಿದ್ದರು.

ಸ್ಟಾಫ್ ರೂಮಿನಲ್ಲೂ ಬದಲಾವಣೆ ಕಂಡಿತು. ವರ್ಗಾವಣೆಯ ಜಗಳದಿಂದ ಎರಡು ವರ್ಷ ಮಾತು ಬಿಟ್ಟಿದ್ದ ಇಬ್ಬರು ಮೇಡಮ್ಮನವರು ನಾಯಿಗೆ ಉಣ್ಣೆ ಹತ್ತಿದ ದಿನ ಒಟ್ಟಿಗೆ ಕೂತು ಆರಿಸಿದರು. ಹೆಚ್.ಡಿ. ಕೋಟೆ ಕಡೆಯಿಂದ ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರಿಗೆ ಮೊದಲ ತಿಂಗಳು ಮಾತಿಗೆ ಸಿಕ್ಕಿದ್ದು ಆ ನಾಯಿಯೇ. ಅದರ ನೆಪದಲ್ಲಿ ಉಳಿದವರ ಪರಿಚಯವಾಯಿತು. ಯಾರೂ ಯಾರನ್ನೂ ಕೇಳದೆ ಊಟದ ಡಬ್ಬಿಯಿಂದ ಒಂದೊಂದು ತುತ್ತು ತೆಗೆದಿಡುವ ರೂಢಿಯಾಯಿತು. ಕಂಪನಿಯವರು ಹೇಳುವುದೆಲ್ಲ ಸುಳ್ಳಲ್ಲ ಎಂದು ನಾನು ಹೇಳುವುದು ಇದನ್ನು ಕಣ್ಣಾರೆ ಕಂಡು.

ಇನ್ನೊಂದನ್ನೂ ಕಂಡೆ. ಹುಣಸೂರಿನಿಂದ ಹೊರಡುವ ಮೊದಲ ಬಸ್ಸು ಹಿಡಿದು ಬರುವವನು ನಾನು. ಉಳಿದವರು ಬರುವುದು ಒಂದು ಗಂಟೆ ತಡವಾಗಿ. ಆ ಒಂದು ಗಂಟೆಯಲ್ಲಿ ಗ್ರೂಪ್ ಡಿ ಅಣ್ಣ ಜಗುಲಿಯ ಮೇಲಿನ ನಾಯಿಯ ಹೇಲನ್ನು ಬಾಚಿ, ವಾಂತಿ ಮಾಡಿದ್ದರೆ ಅದಕ್ಕೆ ಬೂದಿ ಹಾಕಿ ತೆಗೆದು, ನೀರು ಸುರಿದು ಕಡ್ಡಿ ಪೊರಕೆಯಲ್ಲಿ ಗುಡಿಸುತ್ತಿದ್ದರು. ಒಂಬತ್ತೂವರೆಗೆ ಎಲ್ಲರೂ ಬರುವಾಗ ಜಗುಲಿ ಫಳಫಳ. ನಾಯಿ ಬಾಲ ಅಲ್ಲಾಡಿಸುತ್ತ ನಿಂತಿರುತ್ತಿತ್ತು. ಅದರ ಪ್ರೀತಿ ಹನ್ನೊಂದು ಜನಕ್ಕೆ ಹಂಚಿಕೆಯಾಗುತ್ತಿತ್ತು, ಅದರ ಗಲೀಜು ಮಾತ್ರ ಒಬ್ಬರದೇ ಪಾಲು. ಆ ಒಬ್ಬರು ಯಾವ ಕೇರಿಯವರು ಎಂದು ನಾನು ಬರೆಯಬೇಕಾಗಿಲ್ಲ, ನಿಮಗೆ ಗೊತ್ತಾಗಿರುತ್ತದೆ. ನಾಯಿ ನೋಡಿಕೊಳ್ಳುವುದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಯಾರೂ ಅವರಿಗೆ ಹೇಳಿಯೂ ಇರಲಿಲ್ಲ. ಹೇಳದೆಯೇ ಅದು ಅವರ ಕೆಲಸವಾಗಿತ್ತು.

ಜಾತಿಯೆಂದರೆ ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ ಎಂದು ಬಾಬಾಸಾಹೇಬರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಹೇಳಿದ್ದಾರೆ. ಅದನ್ನು ಅರ್ಥಮಾಡಿಕೊಳ್ಳಲು ದೊಡ್ಡ ಉದಾಹರಣೆ ಬೇಡ, ನಮ್ಮ ಜಗುಲಿ ಸಾಕಿತ್ತು. ಆ ಅಣ್ಣ ಕೊಟ್ಟ ಲೋಟದ ನೀರನ್ನು ಕುಡಿಯದೆ ಮನೆಯಿಂದ ಬಾಟಲಿ ತರುವವರು ನಮ್ಮಲ್ಲಿ ಇದ್ದರು. ಆ ಅಣ್ಣನ ಕೈಯಲ್ಲಿ ಅನ್ನ ತಿಂದು ಅವರ ಕೈ ನೆಕ್ಕಿದ ನಾಯಿ, ನೇರವಾಗಿ ಬಂದು ಇವರ ಕೈಯನ್ನೂ ನೆಕ್ಕುತ್ತಿತ್ತು. ಇವರು ಸಂತೋಷದಿಂದ ನೆಕ್ಕಿಸಿಕೊಳ್ಳುತ್ತಿದ್ದರು. ಚೌದಾರ್ ಕೆರೆಯ ಕಥೆ 1927ಕ್ಕೆ ಮುಗಿದಿಲ್ಲ ಎಂದು ನನಗೆ ಅನ್ನಿಸಿದ್ದು ಆಗ.

ಇಲ್ಲಿ ಒಂದು ಮಾತು ಗಮನಿಸಿ. ನಾಯಿಗೆ ಜಾತಿ ಗೊತ್ತಿಲ್ಲ, ನಾಯಿಯಿಂದ ಕಲಿಯೋಣ ಎಂದು ಸುಲಭವಾಗಿ ಹೇಳುವವರಿದ್ದಾರೆ. ಮಾತೇನೋ ಚೆನ್ನಾಗಿದೆ. ಆದರೆ ನಾಯಿ ಭೇದ ಮಾಡದಿರುವುದು ಅದಕ್ಕೆ ಗೊತ್ತಿಲ್ಲದ್ದರಿಂದ. ನಮಗೆ ಗೊತ್ತಿದೆ. ಗೊತ್ತಿದ್ದೂ ಮಾಡದಿರುವುದೇ ಶೀಲ. ಗೊತ್ತಿಲ್ಲದವರಂತೆ ನಟಿಸುವುದು ಶೀಲವಾಗುವುದಿಲ್ಲ. “ನಮ್ಮಲ್ಲಿ ಜಾತಿಗೀತಿ ಏನಿಲ್ಲಪ್ಪ” ಎನ್ನುವ ಕಚೇರಿಗಳಲ್ಲಿ ಕಕ್ಕಸು ತೊಳೆಯುವವರು ಯಾರು ಎಂದು ಕೇಳಿ. ಅಲ್ಲಿ ಉತ್ತರ ಸಿಗುತ್ತದೆ.

ಇನ್ನೊಂದು ಮಾತು ನಿಯತ್ತಿನದು. ನಾಯಿಯ ನಿಯತ್ತು ನೋಡಿ ಕಲಿಯಿರಿ ಎಂದು ಕೆಲಸಗಾರರಿಗೆ ಬೋಧಿಸುವ ಯಜಮಾನರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಮಜ್ಝಿಮ ನಿಕಾಯದಲ್ಲಿ ಕುಕ್ಕುರವತಿಕ ಸುತ್ತ ಎಂಬುದಿದೆ. ಸೇನಿಯ ಎಂಬ ತಪಸ್ವಿ ನಾಯಿಯ ವ್ರತ ಹಿಡಿದು, ನೆಲಕ್ಕೆ ಎಸೆದ ಅನ್ನವನ್ನೇ ತಿನ್ನುತ್ತ, ನಾಯಿಯಂತೆಯೇ ಇರುತ್ತಿದ್ದ. ಇದರಿಂದ ಅವನಿಗೆ ಯಾವ ಗತಿ ಎಂದು ಕೇಳಿದಾಗ ಭಗವಾನರು ಎರಡು ಸಲ ಬೇಡ ಎಂದು, ಕೊನೆಗೆ ಬಾಯಿಬಿಟ್ಟು ಹೇಳಿದರು: ನಾಯಿಯಂತೆ ಬದುಕುವುದರಿಂದ ಯಾರೂ ಮೇಲೇರುವುದಿಲ್ಲ. ಸೇನಿಯ ಅತ್ತ. ಆ ವ್ರತ ಬಿಟ್ಟು ಭಿಕ್ಖುವಾದ. ನಾಯಿಗೆ ಮೈತ್ರಿ ತೋರು, ಆದರೆ ನೀನು ಯಾರದೋ ನಾಯಿಯಾಗಬೇಡ ಎಂದು ನಾನು ಈ ಸುತ್ತವನ್ನು ಓದಿಕೊಳ್ಳುತ್ತೇನೆ. ಆಫೀಸಿಗೆ ನಾಯಿ ತಂದು, ಸಂಬಳ ಹೆಚ್ಚಿಸಿ ಎಂದವರಿಗೆ ಅದರ ತಲೆ ಸವರಿ ಸಮಾಧಾನ ಮಾಡಿಕೊಳ್ಳಿ ಎನ್ನುವ ಕಂಪನಿ ಇದ್ದರೆ, ಅಲ್ಲಿ ದುಡಿಯುವ ನಮ್ಮ ಮಕ್ಕಳು ಈ ಸುತ್ತವನ್ನು ನೆನೆಯಬೇಕು.

ನಮ್ಮ ನಾಯಿಯ ಹೆಸರೂ ಒಂದು ಪಾಠವಾಯಿತು. ಮೊದಲು ಎಲ್ಲರೂ ಅದನ್ನು ‘ಕರಿಯ’ ಎನ್ನುತ್ತಿದ್ದರು. ಕರಿಯ, ಕೆಂಪ, ಕುಳ್ಳ ಎಂಬ ಹೆಸರುಗಳು ನಮ್ಮ ಕಡೆ ಯಾರ ಅಜ್ಜಂದಿರಿಗೆ ಇದ್ದವು ಎಂದು ಎಲ್ಲರಿಗೂ ಗೊತ್ತು. ಒಂದು ದಿನ ಒಬ್ಬ ಹುಡುಗನನ್ನು ಕರೆದೊಯ್ಯಲು ಅದೇ ಹೆಸರಿನ ಅವನ ತಾತ ಬಂದರು. ಮಕ್ಕಳು ಕಿಸಕ್ಕನೆ ನಕ್ಕರು. ಹುಡುಗ ತಲೆ ತಗ್ಗಿಸಿದ. ನಾನು ಹೆಸರು ಬದಲಿಸೋಣ ಎಂದಾಗ, “ನಾಯಿ ಹೆಸರಿಗೂ ಮೀಟಿಂಗಾ ಸಾರ್?” ಎಂದು ಒಬ್ಬರು ನಕ್ಕರು. ಹೌದು, ಮೀಟಿಂಗೇ. ತಮಾಷೆ ಎಲ್ಲರದು, ಅವಮಾನ ಒಬ್ಬನದು ಎಂದಾದರೆ ಅದಕ್ಕೂ ಮೀಟಿಂಗ್ ಬೇಕು. ರಾಜಗೃಹದ ಫೋಟೋ ತೋರಿಸಿ ಮಕ್ಕಳಿಗೆ ಕಥೆ ಹೇಳಿದೆ. ಅವರೇ ಕೈಯೆತ್ತಿ ‘ಟಾಬಿ’ ಎಂದು ಹೆಸರಿಟ್ಟರು. ನಾಯಿಗೆ ವ್ಯತ್ಯಾಸ ತಿಳಿಯಲಿಲ್ಲ, ಹೇಗೆ ಕರೆದರೂ ಬರುತ್ತಿತ್ತು. ಆ ಹುಡುಗನಿಗೆ ತಿಳಿಯಿತು.

ಆ ಮೀಟಿಂಗಿನಲ್ಲೇ ಜಗುಲಿಯ ಮಾತೂ ತೆಗೆದೆ. ನಾಯಿ ಎಲ್ಲರದಾದರೆ ಅದರ ಗಲೀಜೂ ಎಲ್ಲರದು. ಸರದಿ ಹಾಕೋಣ, ಮುಖ್ಯೋಪಾಧ್ಯಾಯರಿಂದ ಶುರುವಾಗಲಿ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗಣಿತದ ಮೇಷ್ಟ್ರು, “ಮಕ್ಕಳ ಕೈಲಿ ಮಾಡಿಸಿದ್ರೆ ಆಯ್ತಪ್ಪ, ಶ್ರಮದಾನ” ಎಂದರು. ಅದಕ್ಕೆ ನಾನು ಒಪ್ಪಲಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಪರಿಶಿಷ್ಟ ಜಾತಿಯ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದನ್ನು ನಾಡೇ ನೋಡಿದೆ. ಶ್ರಮದಾನ ಎಂಬ ಮಾತಿನ ಕೆಳಗೆ ಯಾರ ಮಕ್ಕಳು ಪೊರಕೆ ಹಿಡಿಯುತ್ತಾರೆ ಎಂದು ನಮಗೆ ಗೊತ್ತಿದೆ. ಇನ್ನು ದೇವರಾಜ ಅರಸರು ನಮ್ಮ ಹುಣಸೂರಿನವರು. ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆ ತಾಲ್ಲೂಕಿನ ಶಾಲೆಯಲ್ಲಿ ಕೂತು ನಾವು ಈ ವಿಷಯದಲ್ಲಿ ಹಿಂದೆ ಸರಿಯಬಾರದು ಎಂದೆ.

ಮಹಾವಗ್ಗದ ಒಂದು ಪ್ರಸಂಗ ನಿಮಗೆ ಗೊತ್ತು. ಹೊಟ್ಟೆ ಕೆಟ್ಟ ಒಬ್ಬ ಭಿಕ್ಖು ತನ್ನ ಮಲದಲ್ಲೇ ಬಿದ್ದಿದ್ದ. ಏಕೆ ಯಾರೂ ನೋಡಿಕೊಳ್ಳುತ್ತಿಲ್ಲ ಎಂದರೆ, ನನ್ನಿಂದ ಅವರಿಗೆ ಏನೂ ಉಪಯೋಗವಿಲ್ಲ ಎಂದ. ಭಗವಾನರು ಆನಂದನಿಂದ ನೀರು ತರಿಸಿದರು. ತಾವು ನೀರು ಹೊಯ್ದರು, ಆನಂದ ತೊಳೆದ. ತಲೆಯ ಕಡೆ ತಾವು ಹಿಡಿದು, ಕಾಲಿನ ಕಡೆ ಆನಂದ ಹಿಡಿದು ಅವನನ್ನು ಮಂಚದ ಮೇಲೆ ಮಲಗಿಸಿದರು. ಸಂಘದ ಹಿರಿಯ ತನ್ನ ಕೈಯಿಂದಲೇ ಇದನ್ನು ಮಾಡಿದ. ಚುಲ್ಲವಗ್ಗದಲ್ಲಿ ಕಕ್ಕಸಿನ ನಿಯಮಗಳೂ ಇವೆ. ಅಲ್ಲಿ ಹಿರಿಯ ಕಿರಿಯ ಎನ್ನದೆ ಬಂದ ಸರದಿಯಂತೆ ಹೋಗಬೇಕು, ಗಲೀಜಾಗಿದ್ದರೆ ತೊಳೆಯಬೇಕು. ಎರಡೂವರೆ ಸಾವಿರ ವರ್ಷಗಳ ಹಿಂದಿನ ಒಂದು ಕೆಲಸದ ಜಾಗದ ಸಂಸ್ಕೃತಿ ಅದು. ಕಸಗುಡಿಸುವ ಸುನೀತನೂ ರಾಜಕುಮಾರರೂ ಒಂದೇ ಸಂಘದಲ್ಲಿ ಇರಲು ಸಾಧ್ಯವಾದದ್ದು ಇಂಥ ನಿಯಮಗಳಿಂದ. ಒಳ್ಳೆಯ ಮನಸ್ಸೊಂದೇ ಅದಕ್ಕೆ ಸಾಲುತ್ತಿರಲಿಲ್ಲ.

ಮೀಟಿಂಗಿನಲ್ಲಿ ಈ ಪ್ರಸಂಗ ಹೇಳಿದ ಮೇಲೆ ಮುಖ್ಯೋಪಾಧ್ಯಾಯರು ಸರದಿ ಪಟ್ಟಿಯ ಮೊದಲ ಸಾಲಿನಲ್ಲಿ ತಮ್ಮ ಹೆಸರನ್ನು ತಾವೇ ಬರೆದರು. ನಾಯಿ ಕಂಡರೆ ಭಯಪಡುವ ಒಬ್ಬ ಮೇಡಮ್ಮನವರನ್ನು ನಾಯಿಯ ಹತ್ತಿರದ ಕೆಲಸದಿಂದ ಬಿಟ್ಟು ನೀರಿನ ಕೊಳಾಯಿಯ ಕೆಲಸ ಕೊಟ್ಟೆವು. ಭಯ ಇರುವವರಿಗೆ ನಾಯಿ ಪ್ರೀತಿಯ ಪಾಠ ಹೇಳುವುದೂ ಒಂದು ದಬ್ಬಾಳಿಕೆಯೇ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿದೆವು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ತೆಗೆದುಕೊಳ್ಳಬೇಕು. ಅರಿಶಿನ, ಸುಣ್ಣ, ಮಂತ್ರ ಬೇಡ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವು.

ಜವಾಬ್ದಾರಿ ಹೆಸರು ಹಿಡಿದು ಇರಬೇಕು ಎಂಬುದಕ್ಕೆ ನಮ್ಮ ಕಡೆಯಲ್ಲೇ ಉದಾಹರಣೆಯಿದೆ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಪತ್ತೇದಾರಿ ನಾಯಿಯಾಗಿದ್ದ ರಾಣಾನ ಹೆಸರು ನೀವು ಪತ್ರಿಕೆಯಲ್ಲಿ ಓದಿರಬಹುದು. ಇಲಾಖೆಯ ನಾಯಿಗೆ, ಪೊಲೀಸ್ ಶ್ವಾನದಳದ ನಾಯಿಗೆ ನೋಡಿಕೊಳ್ಳುವವರು ಇಂಥವರೇ ಎಂದು ನೇಮಕ ಇರುತ್ತದೆ. ಅದು ಅವರ ಡ್ಯೂಟಿ, ಅದಕ್ಕೆ ಸಂಬಳವಿದೆ, ಗೌರವವಿದೆ. ‘ಎಲ್ಲರ ನಾಯಿ’ ಎಂದು ಹೇಳಿ ಬಿಟ್ಟ ಕಡೆಯಲ್ಲೇ ಅದು ಕಡೆಗೆ ಯಾರೋ ಒಬ್ಬರ ತಲೆಯ ಮೇಲೆ ಬೀಳುವುದು.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟಿನ ಆದೇಶ ಬಂತು. ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆಯಬೇಕು, ಸಂತಾನಹರಣ ಮಾಡಿ ಲಸಿಕೆ ಹಾಕಿ ಆಶ್ರಯತಾಣಕ್ಕೆ ಸೇರಿಸಬೇಕು, ಅದೇ ಜಾಗಕ್ಕೆ ವಾಪಸ್ ಬಿಡಬಾರದು ಎಂದು. 2023ರ ನಿಯಮಗಳ ಪ್ರಕಾರ ಹಿಡಿದ ಕಡೆಗೇ ಮರಳಿ ಬಿಡುವುದಿತ್ತು. ಈ ಜಾಗಗಳ ಮಟ್ಟಿಗೆ ಅದು ಬದಲಾಯಿತು. ಮಕ್ಕಳು ಅತ್ತರು. ನನಗೂ ಸಂಕಟವಾಯಿತು. ಆದರೆ ಆದೇಶದ ಹಿಂದೆ ಕಚ್ಚಿಸಿಕೊಂಡ ಮಕ್ಕಳಿದ್ದಾರೆ. ನಾಗರಹೊಳೆಯ ಅಂಚಿನ ನಮ್ಮ ಊರುಗಳಲ್ಲಿ ನಾಯಿ ಹುಡುಕಿಕೊಂಡು ಚಿರತೆ ಬರುವ ಭಯವೂ ಇದೆ. ಅಹಿಂಸೆ ಭಗವಾನರಿಗೆ ತತ್ವವಾಗಿತ್ತು, ಕಣ್ಣು ಮುಚ್ಚಿ ಪಾಲಿಸುವ ಕಟ್ಟಳೆಯಾಗಿರಲಿಲ್ಲ ಎಂದು ಬಾಬಾಸಾಹೇಬರು ವಿವರಿಸಿದ್ದಾರೆ. ತತ್ವ ಇದ್ದವನು ಯೋಚಿಸಬೇಕಾಗುತ್ತದೆ. ಟಾಬಿಯ ಮೇಲಿನ ಪ್ರೀತಿಗೆ ಮಗುವಿನ ಪ್ರಾಣವನ್ನು ಪಣಕ್ಕಿಡಲಾಗದು, ಮಗುವಿನ ಹೆಸರಲ್ಲಿ ಟಾಬಿಗೆ ವಿಷವಿಡಲೂ ಆಗದು.

ಕುಕ್ಕುರ ಜಾತಕದಲ್ಲಿ ಒಂದು ಕಥೆ ಬರುತ್ತದೆ. ವಾರಾಣಸಿಯ ರಾಜನ ರಥದ ಚರ್ಮದ ಪಟ್ಟಿಗಳನ್ನು ರಾತ್ರಿ ನಾಯಿಗಳು ತಿಂದವು. ರಾಜ ಊರ ನಾಯಿಗಳನ್ನೆಲ್ಲ ಕೊಲ್ಲಿಸಲು ಹೇಳಿದ, ಅರಮನೆಯ ಜಾತಿನಾಯಿಗಳನ್ನು ಮಾತ್ರ ಬಿಟ್ಟ. ನಾಯಿಗಳ ನಾಯಕನಾಗಿದ್ದ ಬೋಧಿಸತ್ವ ರಾಜನ ಮುಂದೆ ಹೋಗಿ, ಅರಮನೆಯ ನಾಯಿಗಳಿಗೆ ಮಜ್ಜಿಗೆಯಲ್ಲಿ ದರ್ಭೆ ಕಲಸಿ ಕುಡಿಸಿ ಎಂದ. ಅವು ಚರ್ಮದ ಚೂರುಗಳನ್ನು ಕಕ್ಕಿದವು. ಕೋರ್ಟಿನ ಆದೇಶ ತಪ್ಪು ಎನ್ನಲು ನಾನು ಈ ಕಥೆ ಹೇಳುತ್ತಿಲ್ಲ. ಹೊರಗಿನವರ ಮೇಲೆ ತೀರ್ಪು ಕೊಡುವ ಮುಂಚೆ ಒಳಗಿನವರನ್ನು ಪರೀಕ್ಷಿಸು ಎಂಬುದು ಅದರ ಪಾಠ. ಶಾಲೆಗೆ ನಾಯಿಗಳು ಬರುವುದೇಕೆ? ಅಡುಗೆಮನೆಯ ಹಿಂದೆ ಉಳಿದ ಅನ್ನ ಸುರಿಯುವವರು ಯಾರು? ಅದನ್ನು ನಿಲ್ಲಿಸಿ ಗುಂಡಿ ತೋಡಿ ಗೊಬ್ಬರ ಮಾಡಿದ್ದೇವೆ. ಬೇರೆ ನಾಯಿಗಳು ಬರುವುದು ಕಡಿಮೆಯಾಗಿದೆ.

ಟಾಬಿಯನ್ನು ಯಾರು ಕರೆದೊಯ್ಯುವುದು ಎಂದು ಕೂತಾಗ ಎಲ್ಲರ ಕಣ್ಣೂ ಮತ್ತೆ ಗ್ರೂಪ್ ಡಿ ಅಣ್ಣನ ಕಡೆಗೇ ತಿರುಗಿತು. “ನಿಮ್ ಕಡೆ ಸಾಕ್ತಾರಲ್ಲ, ನೀವೇ ಕರ್ಕೊಂಡೋಗಿ” ಎಂದು ಒಬ್ಬರು ಹೇಳಿಯೂಬಿಟ್ಟರು. ಅಣ್ಣ ಎದ್ದು ನಿಂತು ಹೇಳಿದರು: “ಸಾಕ್ತೀನಿ ಸಾರ್, ನಂಗೂ ಅದ್ರ ಮೇಲೆ ಆಸೆ ಅದೆ. ಆದ್ರೆ ಇದು ನನ್ ಕೆಲ್ಸ ಅಂತ ಮಾತ್ರ ಹೇಳ್ಬೇಡಿ.” ಮೂವತ್ತು ವರ್ಷದ ಸರ್ವೀಸಿನಲ್ಲಿ ಅವರು ಮೀಟಿಂಗಿನಲ್ಲಿ ಮಾತಾಡಿದ್ದು ಅದೇ ಮೊದಲು. ಕೊನೆಗೆ ಟಾಬಿ ಹೋದದ್ದು ಗಣಿತದ ಮೇಷ್ಟ್ರ ತೋಟದ ಮನೆಗೆ. ಲಸಿಕೆಯ ಖರ್ಚಿಗೆ ಎಲ್ಲರೂ ತಿಂಗಳಿಗೆ ಐವತ್ತು ರೂಪಾಯಿ ಹಾಕುತ್ತೇವೆ, ಅಣ್ಣನನ್ನು ಬಿಟ್ಟು. ಅವರು ಐದು ವರ್ಷದ ಪಾಲನ್ನು ಮುಂಗಡವಾಗಿಯೇ ಕೊಟ್ಟಿದ್ದಾರೆ ಎಂದು ಮುಖ್ಯೋಪಾಧ್ಯಾಯರು ಹೇಳಿದರು.

ನಾಯಿ ಹೋಯಿತು, ಸರದಿ ಪಟ್ಟಿ ಗೋಡೆಯ ಮೇಲೆ ಉಳಿಯಿತು. ಅದೀಗ ಸಿಬ್ಬಂದಿಯ ಕಕ್ಕಸಿಗೂ ಕುಡಿಯುವ ನೀರಿನ ಡ್ರಮ್ಮಿಗೂ ಅನ್ವಯಿಸುತ್ತದೆ. ಎಲ್ಲರೂ ಮನಸಾರೆ ಒಪ್ಪಿದ್ದಾರೆ ಎಂದು ನಾನು ಹೇಳುವುದಿಲ್ಲ. ಇಬ್ಬರು ತಮ್ಮ ಸರದಿಯ ದಿನ ತಪ್ಪದೆ ರಜೆ ಹಾಕುತ್ತಾರೆ. ಮನೆಯಿಂದ ನೀರಿನ ಬಾಟಲಿ ಈಗಲೂ ಬರುತ್ತದೆ, ಮುಂಚೆ ಮೂರು ಇದ್ದದ್ದು ಈಗ ಒಂದಾಗಿದೆ. ಆದರೆ ಹೊಸದಾಗಿ ಬಂದವರು ಗೋಡೆ ನೋಡಿ, ಈ ಶಾಲೆಯಲ್ಲಿ ಹೀಗೆ ಎಂದು ತಿಳಿಯುತ್ತಾರೆ. ಸಂಸ್ಕೃತಿ ಎಂದರೆ ಇದೇ ಇರಬೇಕು. ಒಬ್ಬರ ಒಳ್ಳೆಯತನದ ಮೇಲೆ ನಿಲ್ಲದೆ ಗೋಡೆಯ ಮೇಲೆ ಬರೆದು ನಿಲ್ಲುವಂಥದ್ದು.

ಆದ್ದರಿಂದ ನಮ್ಮ ಹುಡುಗರಿಗೆ ನನ್ನ ಉತ್ತರ ಇಷ್ಟು. ಆಫೀಸಿನಲ್ಲಿ ನಾಯಿ ಇದ್ದರೆ ಸಂತೋಷಪಡಿ, ಅದರ ತಲೆ ಸವರಿ. ಅದರಿಂದ ಬರುವ ಹಿತ ನಿಜವಾದದ್ದು. ಆಮೇಲೆ ಅದರ ಬಟ್ಟಲು ತೊಳೆಯುವವರು ಯಾರು, ಅದು ಕಾರ್ಪೆಟ್ ಮೇಲೆ ಹೇತರೆ ಬಾಚುವವರು ಯಾರು, ಅವರ ಹೆಸರು ನಿಮಗೆ ಗೊತ್ತೇ, ಅವರು ನಿಮ್ಮ ಜೊತೆ ಕೂತು ಕಾಫಿ ಕುಡಿಯುತ್ತಾರೆಯೇ ಎಂದು ನೋಡಿ. ಆ ಆಫೀಸಿನಲ್ಲಿ ಮೈತ್ರಿ ಎಷ್ಟಿದೆ ಎಂದು ನಾಯಿಯ ಬಾಲ ನೋಡಿದರೆ ತಿಳಿಯದು, ಆ ಪೊರಕೆ ಯಾರ ಕೈಯಲ್ಲಿದೆ ಎಂದು ನೋಡಿದರೆ ತಿಳಿಯುತ್ತದೆ.

*ಇಂದಿನ ಅಭ್ಯಾಸ:* ನೀವು ಕೆಲಸ ಮಾಡುವ ಜಾಗದಲ್ಲಿ, ಇಲ್ಲವೇ ನಿಮ್ಮ ಮನೆಯಲ್ಲಿ, ಎಲ್ಲರೂ ಅನುಭವಿಸಿ ಒಬ್ಬರೇ ಗಲೀಜು ತೆಗೆಯುವ ಒಂದು ಕೆಲಸವನ್ನು ಗುರುತಿಸಿ. ಆ ಒಬ್ಬರು ನಿಮ್ಮ ಹೆಂಡತಿಯೋ ತಾಯಿಯೋ ಆಗಿರಬಹುದು. ಇವತ್ತು ಆ ಕೆಲಸವನ್ನು ನೀವು ಮಾಡಿ. ನಾಳೆಯಿಂದ ಅದಕ್ಕೆ ಸರದಿ ಹಾಕಿ.

*ಭಾನುವಾರದ ಚರ್ಚೆಗೆ:* ಕರುಣೆ ಇಲ್ಲದ ಮೈತ್ರಿ ಸಾಧ್ಯವೇ?

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈ ಭೀಮ್.